ಇನ್ನೊಂದೇ ಒಂದು ಉಜ್ಜು

ಹೆಬ್ಬೆರಳಿಗೆ ತಣ್ಣಗೆ ಏನೋ ತಾಗಿತಲ್ಲ, ಪಿಸ್ಟನ್ನೇ, ಸದ್ದಿಲ್ಲದೆ ಸಿಲಿಂಡರಿನುದ್ದಕ್ಕೂ ಜಾರಿ ಬಂದು ಬೆರಳ ಮೇಲೆ ಕೂತಿದೆ, ಬರಬಾರದಿತ್ತು, ತಳದ ಬಾಯಿಗೆ ಹೆಬ್ಬೆರಳು ಒತ್ತಿ ಮೇಲಿನಿಂದ ಬಿಟ್ಟರೆ ಅದು ಅರ್ಧದಲ್ಲೇ ಗಾಳಿಯ ಮೇಲೆ ನಿಲ್ಲಬೇಕು, ಅದುಮಿದರೆ ಪುಟಿದು ಮೇಲೇಳಬೇಕು, ಮೊನ್ನೆ ಎದ್ದಿತ್ತು, ನಿನ್ನೆಯೂ ಎದ್ದಿತ್ತು — ಎಣ್ಣೆ ಒಣಗಿರಬೇಕು, ಹೌದು ಎಣ್ಣೆಯೇ, ಇನ್ನೊಂದು ಹನಿ ಬಿಟ್ಟು ನೋಡಿದ, ಮತ್ತೆ ಅದೇ ತಣ್ಣಗೆ. ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತವನು, ಕೂದಲೆಳೆಯ ಅಳತೆ ಬೇಕೆಂದರೆ ಇಡೀ ಕಾರ್ಖಾನೆ ಅವನನ್ನೇ ಹುಡುಕಿಕೊಂಡು ಬರುತ್ತಿತ್ತು, ಈಗ ಮನೆಯ ಹಿಂದಿನ ಕೋಣೆಯಲ್ಲಿ, ತಾನೇ ಕಡೆದು ಕಟ್ಟುತ್ತಿರುವ ಅಂಗೈಯಗಲದ ಇಂಜಿನ್ನಿನ ಮುಂದೆ ಪೆದ್ದನ ಹಾಗೆ ಕೂತಿದ್ದಾನೆ, ಗೋಡೆಯಾಚೆ ಚೆಂಡು ಟಕ್ಕೆನ್ನುತ್ತದೆ, ಹೆಂಡತಿ ಊದುತ್ತಿದ್ದಾಳೆ — ಊದೋದಲ್ಲ ರೀ, ಎಳ್ಕೊಳ್ಳೋದು, ಎಷ್ಟು ಸಲ ಹೇಳ್ಬೇಕು ನಿಮಗೆ — ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿ, ಮೂರು ಕೊಳವೆ, ಮೂರು ಚೆಂಡು, ಉಸಿರೆಳೆದರೆ ಒಂದೊಂದಾಗಿ ಮೇಲೇರಬೇಕು, ಮೊದಲನೆಯದು ಏರುತ್ತದೆ, ಎರಡನೆಯದು ಅಲುಗಿ ಸುಮ್ಮನಾಗುತ್ತದೆ, ಮೂರನೆಯದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಪಂದ್ಯ ಕಟ್ಟಿದವಳೂ ಅವಳೇ, ನಿಮ್ಮ ಇಂಜಿನ್ ಮೊದಲು ಉಸಿರಾಡುತ್ತೋ ನನ್ನ ಮೂರನೇ ಚೆಂಡು ಮೊದಲು ಏಳುತ್ತೋ ನೋಡೇಬಿಡೋಣ, ಸೋತವರು ಒಂದು ತಿಂಗಳು ಪಾತ್ರೆ ತೊಳೀಬೇಕು, ಪಾತ್ರೆ ಹೇಗೂ ನಾನೇ ತೊಳೀತಿದ್ದೀನಲ್ಲೇ ಎಂದು ಅವನು ನಕ್ಕಿದ್ದ, ಅವಳೂ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಅರ್ಧ ಗಂಟೆ ನಿಲ್ಲಲಿಲ್ಲ.

ಡಾಕ್ಟರ್ ಅವನೊಬ್ಬನನ್ನೇ ಹೊರಗೆ ಕರೆದು ಹೇಳಿದ್ದರು, ಶ್ವಾಸಕೋಶ ಗಟ್ಟಿಯಾಗ್ತಾ ಹೋಗುತ್ತೆ, ಇಷ್ಟು ದಿನ ಅಂತ ಹೇಳಕ್ಕಾಗಲ್ಲ, ಜೊತೆಗಿರಿ. ಜೊತೆಗಿರುವುದು ಎಂದರೆ ಏನು ಮಾಡುವುದು, ಕೈಗೊಂದು ಕೆಲಸ ಬೇಡವೇ — ಅವಳು ಕೆಮ್ಮಿದಾಗಲೆಲ್ಲ ಬೆನ್ನು ನೀವಿ, ನೀರು ಕುಡಿಸಿ, ದಿಂಬು ಎತ್ತರಿಸಿ, ಮುಂದೇನೂ ತೋಚದೆ ಇಲ್ಲಿಗೆ ಬಂದು ಪಿಸ್ಟನ್ನಿಗೆ ಲೋಹ ಸವೆಸುವ ಪೇಸ್ಟ್ ಹಚ್ಚಿ ಸಿಲಿಂಡರಿನೊಳಗೆ ಹಾಕಿ ಉಜ್ಜುತ್ತಿದ್ದ. ಬಿಗಿಯಿತ್ತು, ಒಂಚೂರೇ ಬಿಗಿ. ಬಿಗಿಯಿದ್ರೆ ಬಿಟ್ಬಿಡ್ರೋ, ಓಡ್ತಾ ಓಡ್ತಾ ತಾನೇ ಸರಿಹೋಗುತ್ತೆ, ಉಜ್ಜಿ ತೆಗೆದಿದ್ದನ್ನ ನಿಮ್ಮಪ್ಪ ಬಂದ್ರೂ ವಾಪಸ್ ಹಾಕಕ್ಕಾಗಲ್ಲ, ಕೆಲಸ ಕಲಿಯಲು ಬಂದವರಿಗೆಲ್ಲ ಬೈದು ಬೈದು ಹೇಳಿದ ಬಾಯಿ ಇದೇ. ಮೊನ್ನೆಯೇ ಜೋಡಿಸಿ ಸ್ಟಾರ್ಟ್ ಮಾಡಬಹುದಿತ್ತು, ಮಾಡಲಿಲ್ಲ, ಹೆದರಿಕೆ, ಬೇರೇನಲ್ಲ — ಇಂಜಿನ್ ಸ್ಟಾರ್ಟ್ ಆಗದಿದ್ದರೆ ಅವಳ ಚೆಂಡೂ ಏಳುವುದಿಲ್ಲ ಎಂದು ಯಾವ ಗಳಿಗೆಯಲ್ಲೋ ತಲೆಯೊಳಗೆ ಹೊಕ್ಕು ಕೂತಿತ್ತು, ನಾಲ್ಕು ಜನರೆದುರು ಹೇಳಿದರೆ ನಗುತ್ತಾರೆ, ಅದಕ್ಕೇ ಇನ್ನೊಂದೇ ಒಂದು ಉಜ್ಜು, ಸರಾಗವಾಗಲಿ, ಗೋಡೆಯಾಚೆ ಕೆಮ್ಮು, ಇನ್ನೊಂದು, ಕೆಮ್ಮು ನಿಲ್ಲಲಿ, ಇನ್ನೊಂದು, ಇವತ್ತು ಬೆಳಿಗ್ಗೆ ಕೆಮ್ಮು ನಿಲ್ಲುವ ಹೊತ್ತಿಗೆ ಎಷ್ಟು ಉಜ್ಜಿದ್ದನೋ ಲೆಕ್ಕವೇ ಇಲ್ಲ, ಈಗ ಗಾಳಿಯೆಲ್ಲ ಪಿಸ್ಟನ್ನಿನ ಪಕ್ಕದಿಂದಲೇ ಸೋರಿಹೋಗುತ್ತಿದೆ.

ಹೊಸ ಪಿಸ್ಟನ್ ಕಡೆದರಾಯಿತು, ಎರಡು ವಾರ, ಕೈ ನಡುಗದಿದ್ದರೆ ಎರಡು ವಾರ, ನಡುಗುತ್ತದೆ, ಹಾಗಾದರೆ ತಿಂಗಳು, ತಿಂಗಳೆಂದರೆ — ರೀ, ಆಯ್ತಾ, ಇವತ್ತು ಸ್ಟಾರ್ಟ್ ಮಾಡ್ತೀನಿ ಅಂದಿದ್ರಿ, ಇಲ್ಲಿ ಎರಡನೇದು ಎದ್ದೇಬಿಡ್ತು ಕಣ್ರೀ, ಇನ್ನೊಂದೇ ಬಾಕಿ, ಬೇಗ ಮಾಡಿ, ಸೋತುಹೋಗ್ತೀರ. ಬಂದೆ ಕಣೇ, ಒಂದ್ನಿಮಿಷ ಎಂದು ಕೂಗಿದ, ಸೋತೆ ಎಂದುಬಿಡಲೇ, ಅಂದರೆ ಅವಳು ಖುಷಿಪಡುತ್ತಾಳೆ, ಆಮೇಲೆ ಕೇಳುತ್ತಾಳೆ, ಯಾಕ್ರೀ, ಏನಾಯ್ತು, ಎಲ್ಲ ಸರಿಯಿತ್ತಲ್ಲ, ಎಲ್ಲ ಸರಿಯೇ ಇತ್ತು ಕಣೇ, ನಾನೇ, ನನ್ನ ಕೈಯಾರೆ — ಪಿಸ್ಟನ್ ಒರೆಸಿದ, ತಳಕ್ಕೆ ಹೆಬ್ಬೆರಳು ಒತ್ತಿದ, ಮೇಲಿನಿಂದ ಬಿಟ್ಟ, ಗೋಡೆಯಾಚೆ ಚೆಂಡು ಬಿತ್ತು, ಹೆಬ್ಬೆರಳಿಗೆ ತಣ್ಣಗೆ ತಾಗಿತು, ತೆಗೆದ, ಮತ್ತೆ ಬಿಟ್ಟ, ತಣ್ಣಗೆ ತಾಗಿತು, ಮತ್ತೆ ಬಿಟ್ಟ, ತಣ್ಣಗೆ.