ಬಿದ್ದದ್ದು ನನ್ನ ವಯಸ್ಸಲ್ಲ

ಗಂಡ ತೀರಿಕೊಂಡ ಮೇಲೆ ಅವನ ಸೈಕಲ್ ರಿಪೇರಿ ಅಂಗಡಿಯನ್ನು ಮುಚ್ಚಲು ಒಪ್ಪದೆ ತಾನೇ ಪಾನಾ ಹಿಡಿದವಳು ಅವಳು. ಬೀದಿಯವರೆಲ್ಲ ಸೈಕಲ್ ಅಜ್ಜಿ ಎನ್ನುತ್ತಿದ್ದರು. ಎಪ್ಪತ್ತು ದಾಟಿದರೂ ಚಕ್ರದ ಡೊಂಕು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರು ಕಡಿಮೆ; ಬಾಯಲ್ಲಿ ಮೀರಿಸುವವರಂತೂ ಹುಟ್ಟಿರಲಿಲ್ಲ.

ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಾಗ ಡಾಕ್ಟರೊಬ್ಬರು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟರು. ನುಂಗಿದರೆ ಸಾಕು, ನೋವು ಪಕ್ಕದ ಮನೆಯವರದ್ದು ಅನ್ನಿಸುತ್ತಿತ್ತು. ಅಜ್ಜಿ ಮತ್ತೆ ಕೆಲಸಕ್ಕಿಳಿದಳು. ಆದರೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಹಿಡಿದವಳು ಹಾಗೇ ತೂಕಡಿಸುವಳು. ಏಳುವಾಗ ಗೋಡೆ ಹಿಡಿಯುವಳು.

"ಅಮ್ಮ, ಆ ಮಾತ್ರೆ ಶುರುವಾದಾಗಿಂದ ತೂರಾಡ್ತಿದ್ದೀಯ. ಡಾಕ್ಟರಿಗೆ ಹೇಳೋಣ" ಎಂದಳು, ಜೊತೆಯಲ್ಲೇ ಇದ್ದ ಮಗಳು.

"ಹೇಳಿದ್ರೆ ನಿಲ್ಲಿಸ್ತಾರೆ. ಸೊಂಟ ನಿಂದಾ, ನಂದಾ?"

ರಾತ್ರಿ ಅಜ್ಜಿ ಹಳೆಯ ನಿದ್ದೆ ಮಾತ್ರೆಯನ್ನೂ ನುಂಗುತ್ತಿದ್ದಳು. ಅದು ಮಗಳಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಹಾಸಿಗೆಯಿಂದೆದ್ದು ಬಚ್ಚಲುಮನೆಯತ್ತ ಹೊರಟಾಗ ಕಣ್ಣಿಗೆ ಕತ್ತಲೆ ಬಂತು. ಹೊಸ್ತಿಲ ಬಳಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿಸಿದರು.

ಅಮ್ಮನನ್ನು ನೋಡಲು ಬಂದ ಮಗ, ಅವಳು ನಿದ್ದೆಯಲ್ಲಿದ್ದಾಳೆ ಅಂದುಕೊಂಡು ತಂಗಿಗೆ ಮೆಲ್ಲಗೆ ಹೇಳಿದ. "ವಯಸ್ಸಾಯ್ತು ಕಣೇ. ಅಂಗಡಿ ಬಾಡಿಗೆಗೆ ಕೊಟ್ಬಿಡೋಣ. ಇನ್ನು ಒಂದು ಮೂಲೇಲಿ ಕೂತಿರ್ಲಿ."

ಅಜ್ಜಿ ಕಣ್ಣು ತೆರೆಯದೆಯೇ ಕೇಳಿದಳು. "ಯಾವ ಮೂಲೆ ಅಂತಾನೂ ನೋಡಿಟ್ಟಿದ್ದೀಯಾ?"

ಮನೆಗೆ ಕಳಿಸುವ ಮುನ್ನ ಆಸ್ಪತ್ರೆಯ ಡಾಕ್ಟರಮ್ಮ ಪಕ್ಕದಲ್ಲಿ ಕೂತು, ಬೀಳುವ ಮೊದಲು ಏನೇನು ಮಾತ್ರೆ ತಗೊಳ್ತಿದ್ರಿ ಎಂದು ವಿಚಾರಿಸಿದರು. ಅಜ್ಜಿ ಮೊದಲು ಮಾತು ಹಾರಿಸಿದಳು. ಅವರು ಬಿಡಲಿಲ್ಲ. ಕೊನೆಗೆ ನಿದ್ದೆ ಮಾತ್ರೆಯ ವಿಷಯ ಹೊರಗೆ ಬಂತು. ಮಗಳು ಹಣೆ ಚಚ್ಚಿಕೊಂಡಳು.

"ವಯಸ್ಸಾದವರ ಮೈಯಿಂದ ಈ ನೋವಿನ ಮಾತ್ರೆ ಬೇಗ ಇಳಿಯಲ್ಲ ಅಜ್ಜಿ. ಮಂಪರು ಬರುತ್ತೆ, ಎದ್ದು ನಿಂತ್ರೆ ಬಿ.ಪಿ. ಇಳಿದು ತಲೆ ಸುತ್ತುತ್ತೆ. ನಿದ್ದೆ ಮಾತ್ರೆಯೂ ಸೇರಿದ್ರೆ ಉಸಿರೇ ಮಂದ ಆಗಬಹುದು. ಬಿದ್ದಿದ್ದರಲ್ಲಿ ಆಶ್ಚರ್ಯ ಇಲ್ಲ."

"ಹಾಗಾದ್ರೆ ಬಿದ್ದಿದ್ದು ನನ್ನ ವಯಸ್ಸಲ್ಲ" ಎಂದು ಅಜ್ಜಿ, ಕರೆದೊಯ್ಯಲು ಬಂದಿದ್ದ ಮಗನ ಕಡೆ ತಿರುಗಿದಳು.

"ವಯಸ್ಸೂ ಸ್ವಲ್ಪ ಕೈ ಜೋಡಿಸಿದೆ" ಎಂದು ಡಾಕ್ಟರಮ್ಮ ನಕ್ಕರು.

"ಸ್ವಲ್ಪ ತಾನೇ? ಇವತ್ತೇ ಎರಡೂ ಬಿಟ್ಟೆ."

"ದಿಢೀರ್ ಅಂತ ಬಿಟ್ರೆ ಇನ್ನೊಂದು ತೊಂದರೆ. ಸ್ವಲ್ಪ ಸ್ವಲ್ಪವಾಗಿ ಇಳಿಸೋಣ, ನಾನು ಹೇಳಿದ ಹಾಗೆ."

ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವಳು ಈ ಒಂದು ಮಾತಿಗೆ ತಲೆಬಾಗಿದಳು. ಇಳಿಸುತ್ತ ಹೋದಂತೆ ಮೈ ಬೆವರಿತು, ಕಾಲು ಚಡಪಡಿಸಿತು, ನೋವು ಮರಳಿ ತನ್ನ ಜಾಗ ಹಿಡಿಯಿತು. ಅವಳು ತುಟಿ ಕಚ್ಚಿಕೊಂಡು ಮಗ್ಗುಲು ಬದಲಿಸುವುದನ್ನು ನೋಡಲಾರದೆ ಮಗಳೇ ಸೋತಳು.

"ಇವತ್ತೊಂದಿನ ಮೊದಲಿನಷ್ಟೇ ತಗೊಂಡ್ಬಿಡಮ್ಮ."

"ಆವತ್ತು ನೀನು ಬೇಡ ಅಂದೆ, ಕೇಳ್ಲಿಲ್ಲ. ಇವತ್ತು ಬೇಕು ಅಂತೀಯ, ಇವತ್ತೂ ಕೇಳಲ್ಲ."

ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ವಾಕರ್ ಹಿಡಿದು ಬಾಗಿಲ ತನಕ, ಆಮೇಲೆ ಬೀದಿಯ ತಿರುವಿನ ತನಕ, ಕೊನೆಗೆ ಅಂಗಡಿಯ ತನಕ ನಡೆದಳು. ಇನ್ನು ಬಗ್ಗುವುದು ಬೇಡವೆಂದು ಸೈಕಲ್ಲನ್ನೇ ಎದೆ ಮಟ್ಟಕ್ಕೆ ನೇತುಹಾಕುವ ಕೊಕ್ಕೆ ಹಾಕಿಸಿದಳು. ಎತ್ತಿ ಹಾಕುವುದು ಸೈಕಲ್ ತಂದವರ ಕೆಲಸ. ಎತ್ತರದ ಸ್ಟೂಲಿನ ಮೇಲೆ ಕೂತು ಹೇಗೆ ಎತ್ತಬೇಕೆಂದು ಗದರುವುದು ಅವಳ ಕೆಲಸ. ಮೊದಲಿನಂತೆ ದಿನವಿಡೀ ಆಗುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಸೊಂಟ ಕಿರುಗುಟ್ಟಿದರೆ ಅಂಗಡಿ ಮುಚ್ಚುವಳು.

ಮಗ ಫೋನಿನಲ್ಲಿ ಕೇಳಿದ. "ನೋವು ಹೋಯ್ತೇನಮ್ಮ?"

"ಎಲ್ಲಿ ಹೋಗುತ್ತೆ? ನನ್ನ ಜೊತೇನೇ ಅಂಗಡಿಗೆ ಬರುತ್ತೆ. ಎಚ್ಚರವಾಗಿದ್ದೀನಲ್ಲ, ಕಣ್ಣಿಟ್ಟಿರ್ತೀನಿ. ಫೋನಿಡು, ಗಿರಾಕಿ ಕಾಯ್ತಿದ್ದಾರೆ."