ರುಸಿಯಾತೆಯ ಸಿಟ್ಟು, ಭಾವನ ಕಾವಾ

ರುಸಿಯಾತೆ ಮಹಾ ಸಿಟ್ಟಿನ ಮನುಷ್ಯನೆಂದು ಊರಲ್ಲಿ ನಂಬಿದ್ದವನು ಒಬ್ಬನೇ. ಅದು ಸ್ವತಃ ರುಸಿಯಾತೆ. ಫಿಜಿಯ ಆ ಸಣ್ಣ ದ್ವೀಪದಲ್ಲಿ ಅವನಿಗೊಂದು ದೋಣಿ, ದೋಣಿಗೊಂದು ಮೋಟಾರು ಇದ್ದವು. ತಂಗಿ ಕೆಲೆರಾಳ ಗಂಡ ನೈಬುಕಾ ಆ ಮೋಟಾರನ್ನು ಎರಡು ದಿನಕ್ಕೆಂದು ಒಯ್ದು ಎರಡು ತಿಂಗಳಾಗಿತ್ತು. ಅಲ್ಲಿಂದೀಚೆಗೆ ರುಸಿಯಾತೆ ಹುಟ್ಟು ಹಾಕಿಕೊಂಡೇ ಹೋಗುತ್ತಿದ್ದ. ಅವನು ತಲುಪುವಷ್ಟರಲ್ಲಿ ಮೀನುಗಳು ಬೇರೆ ಊರು ಸೇರಿರುತ್ತಿದ್ದವು.

ಒಂದು ಮಧ್ಯಾಹ್ನ ಜಗಳಕ್ಕೆ ಹೊರಟೇಬಿಟ್ಟ. ಗುಡ್ಡದ ದಾರಿಯುದ್ದಕ್ಕೂ ಬೈಗುಳಗಳನ್ನು ಬಾಯಿಪಾಠ ಮಾಡಿದ. ಆದರೆ ತಂಗಿಯ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ? ಕಂಕುಳಲ್ಲಿ, ನೀರಲ್ಲಿ ಕದಡಿ ಕುಡಿದರೆ ಮೈಮನಸ್ಸು ಸಡಿಲಾಗುವ ಕಾವಾ ಬೇರಿನ ಕಟ್ಟಿತ್ತು. ತನ್ನ ಸಿಟ್ಟಿಗೆ ತಾನೇ ಮದ್ದು ಹೊತ್ತುಕೊಂಡು ಜಗಳಕ್ಕೆ ಹೋಗುವಷ್ಟು ಸಭ್ಯತೆ ಎಲ್ಲರಿಗೂ ಬರುವುದಿಲ್ಲ.

ನೈಬುಕಾ ದೂರದಿಂದಲೇ ಕಂಡು ಚಾಪೆ ಹಾಸಿದ. ಮರದ ಬೋಗುಣಿಯ ನೀರಿನಲ್ಲಿ ಬೇರಿನ ಪುಡಿಯ ಬಟ್ಟೆಗಂಟನ್ನು ಹಿಂಡತೊಡಗಿದ.

"ಬಾ ಭಾವ. ಮುಖ ಯಾಕೆ ಸುಟ್ಟ ಗೆಣಸಿನ ಹಾಗಿದೆ?"

"ಮೋಟಾರಿನ ವಿಷಯ ಮಾತಾಡ್ಬೇಕು."

"ಮಾತಾಡೋಣ, ಅದೇನು ಓಡಿಹೋಗುತ್ತಾ? ಮೊದಲು ಒಂದು ಚಿಪ್ಪು ಕುಡಿ."

ಒಲ್ಲೆ ಎನ್ನುವುದು ಜಗಳಕ್ಕಿಂತ ದೊಡ್ಡ ತಪ್ಪು. ರುಸಿಯಾತೆ ಅಲ್ಲಿನ ಪದ್ಧತಿಯಂತೆ ಒಮ್ಮೆ ಚಪ್ಪಾಳೆ ತಟ್ಟಿ, ತೆಂಗಿನ ಚಿಪ್ಪಿನಲ್ಲಿದ್ದ ಕೆಸರುನೀರಿನಂಥ ಕಾವಾವನ್ನು ಒಂದೇ ಸಲಕ್ಕೆ ಇಳಿಸಿ, ಮತ್ತೆ ಮೂರು ಸಲ ತಟ್ಟಿದ. ಮೊದಲ ಚಿಪ್ಪಿಗೆ ನಾಲಿಗೆ ಜೋಮು ಹಿಡಿಯಿತು. ಬೈಗುಳಗಳೆಲ್ಲ ಅದರ ಮೇಲೇ ಕೂತಿದ್ದವು. ಎರಡನೆಯದಕ್ಕೆ ಹೆಗಲು ಸಡಿಲಾಯಿತು. ಮೂರನೆಯದಕ್ಕೆ ಭಾವನ ಕಿವಿಗಳು ಎಷ್ಟು ಮುದ್ದಾಗಿವೆ ಎನ್ನಿಸಿತು. ನಾಲ್ಕನೆಯದಕ್ಕೆ ಮೋಟಾರೆಂದರೆ ಬರೀ ಕಬ್ಬಿಣ ಎಂಬ ಜ್ಞಾನೋದಯವಾಯಿತು.

ಮನೆಗೆ ಬಂದಾಗ ಹೆಂಡತಿ ಉಲಾಮಿಲಾ ಬಾಗಿಲಲ್ಲೇ ಕೇಳಿದಳು. "ಮೋಟಾರೆಲ್ಲಿ?"

"ಪಾಪ, ಅವನ ಹತ್ರ ಪೆಟ್ರೋಲ್ ಡಬ್ಬಿ ಇಲ್ಲ ಕಣೆ. ನಮ್ದು ಕೊಡ್ತೀನಿ ಅಂದೆ."

"ನೀನು ಜಗಳಕ್ಕೆ ಹೋಗಿದ್ಯೋ, ದಾನಕ್ಕೋ ಮಾರಾಯ?"

ಮರುವಾರ, ಕೂರುವುದೇ ಇಲ್ಲ, ನಿಂತೇ ಬೈದು ಬರುತ್ತೇನೆಂದು, ಮಾತು ಕೊಟ್ಟಿದ್ದ ಡಬ್ಬಿಯನ್ನೂ ಹಿಡಿದು ಹೋದ. ಅಲ್ಲಿ ಚಾಪೆಯ ಮೇಲೆ ಪಾದ್ರಿಗಳು ಕೂತಿದ್ದರು. ಪಾದ್ರಿಗಳ ಎದುರು ನಿಂತು ಕೂಗುವುದುಂಟೇ? ಕೂತ. ಡಬ್ಬಿ ಕೊಟ್ಟು ಹಿಂತಿರುಗಿದ.

"ಮನಸ್ಸು ಎಷ್ಟು ಹಗುರಾಗಿದೆ ಗೊತ್ತಾ?" ಎಂದ ಹೆಂಡತಿಗೆ.

"ಆಗದೆ ಏನು? ಮನೆಯೂ ಹಗುರಾಗ್ತಾ ಇದೆ," ಎಂದಳು ಅವಳು.

ಮಾರನೆಯ ಬೆಳಿಗ್ಗೆ ಉಲಾಮಿಲಾಳೇ ಗುಡ್ಡ ದಾಟಿದಳು. ನೈಬುಕಾ ಹಿಂದಿನ ದಿನದ ನೆಮ್ಮದಿಯನ್ನು ಇನ್ನೂ ಗೊರಕೆ ಹೊಡೆದು ಮುಗಿಸಿರಲಿಲ್ಲ. ಮೋಟಾರು ಹಲಸಿನ ಮರದಡಿ ಬಿದ್ದಿತ್ತು. ಮೇಲೊಂದು ಕೋಳಿ ಕಾವಿಗೆ ಕೂತಿತ್ತು.

"ತಗೊಂಡು ಹೋಗಿ ಅತ್ತಿಗೆ," ಎಂದಳು ಕೆಲೆರಾ. "ಇಲ್ಲಿಗೆ ಬಂದ ಮೇಲೆ ಸಮುದ್ರದ ಮುಖ ನೋಡಿಲ್ಲ ಅದು."

"ನಿನ್ನ ಗಂಡ ಏನಾದ್ರೂ ಅಂದ್ರೆ?"

"ಎದ್ರೆ ತಾನೆ ಅನ್ನೋದು?"

ಕೋಳಿಯನ್ನು ಇಳಿಸಿ, ಮೋಟಾರನ್ನು ಬಿದಿರಿಗೆ ಕಟ್ಟಿ, ಇಬ್ಬರೂ ಹೊತ್ತು ನಡೆದರು. ಡಬ್ಬಿಯನ್ನೂ ಬಿಡಲಿಲ್ಲ. ನೇರ ದೋಣಿಗೆ ಜೋಡಿಸಿ ಮೀನಿಗೆ ಹೊರಟರು.

ಮಧ್ಯಾಹ್ನ ನೈಬುಕಾ ಬುಸುಗುಟ್ಟುತ್ತ ಬಂದ. "ಭಾವ, ನನ್ನ ಮೋಟಾರು ಯಾರೋ ಕದ್ದಿದ್ದಾರೆ."

'ನನ್ನ' ಎಂಬ ಮಾತಿಗೆ ರುಸಿಯಾತೆಗೆ ಜನ್ಮದಲ್ಲಿ ಮೊದಲ ಸಲ ನಿಜವಾದ ಸಿಟ್ಟು ಬಂತು. ಏಳಬೇಕೆಂದುಕೊಂಡ. ಆದರೆ ಭಾವನ ಕಂಕುಳಲ್ಲಿ ಬೇರಿನ ಕಟ್ಟಿತ್ತು. ಮನೆಗೆ ಬಂದ ಅತಿಥಿ. ಚಾಪೆ ಬಿಚ್ಚಿದ.

ಮೂರು ಚಿಪ್ಪು ಮುಗಿಯುವಷ್ಟರಲ್ಲಿ ಕಳ್ಳತನ ಗಂಭೀರ ವಿಷಯವಾಗಿ ಉಳಿದಿರಲಿಲ್ಲ.

"ಕದ್ದೋನಿಗೂ ಏನು ಕಷ್ಟವಿತ್ತೋ ಭಾವ," ಎಂದ ನೈಬುಕಾ.

"ಹೌದು ಭಾವ. ಅವನೂ ಮನುಷ್ಯನೇ ಅಲ್ವಾ." ಕಳ್ಳನಿಗೆ ಒಳ್ಳೆಯದಾಗಲೆಂದು ಇಬ್ಬರೂ ಇನ್ನೊಂದು ಚಿಪ್ಪು ಕುಡಿದರು.

ಇಳಿಹೊತ್ತಿಗೆ ದಡದಿಂದ ಗುರ್ ಎಂಬ ಸದ್ದು ಬಂತು. "ಒಳ್ಳೆ ಮೋಟಾರು, ಯಾರದ್ದೋ," ಎಂದು ನೈಬುಕಾ ತಲೆದೂಗಿದ. ಸ್ವಲ್ಪ ಹೊತ್ತಿಗೆ ಉಲಾಮಿಲಾ, ಕೆಲೆರಾ ಮೀನಿನ ಗೊಂಚಲು ಹಿಡಿದು ಒಳಗೆ ಬಂದರು.

"ಕಳ್ಳರು ಬಂದಿದೀವಿ," ಎಂದಳು ಉಲಾಮಿಲಾ. "ಎದ್ದು ಉಳಿದ ಮೀನು ಇಳಿಸಿ."

ಇಬ್ಬರೂ ಎದ್ದೇಳುವ ಪ್ರಾಮಾಣಿಕ ಪ್ರಯತ್ನ ಮಾಡಿದರು. ಕಾಲುಗಳು ಒಪ್ಪಲಿಲ್ಲ. ಕೆಲೆರಾ ನಕ್ಕು, ಮತ್ತೆ ದಡಕ್ಕೆ ನಡೆದಳು.

ಈಗ ವಾರಕ್ಕೆ ನಾಲ್ಕು ದಿನ ಅತ್ತಿಗೆ ನಾದಿನಿಯರೇ ಸಮುದ್ರಕ್ಕೆ ಹೋಗುತ್ತಾರೆ. ಗಂಡಸರು ಈ ಏರ್ಪಾಡಿನ ಬಗ್ಗೆ ಗಂಭೀರವಾಗಿ ಚರ್ಚಿಸಲು ಆಗಾಗ ಸೇರುತ್ತಿರುತ್ತಾರೆ.