ಕ್ಲಚ್ಚಿನೊಳಗಿನ ಕೊಬ್ಬರಿ ಎಣ್ಣೆ

ಎಂಜಿನ್ ಕಿವಿ ಹರಿಯುವಂತೆ ಕೂಗುತ್ತಿತ್ತು. ಗಾಲಿ ಮಾತ್ರ ಅಲುಗಲಿಲ್ಲ. ಸಿದ್ಧಾರೂಢ ರಿಮೋಟನ್ನು ಪೂರ್ತಿ ಒತ್ತಿ ನೋಡಿದ, ಬಿಟ್ಟು ನೋಡಿದ. ಮೊಳದುದ್ದದ ಆ ಆಟದ ಟ್ರಕ್ಕು ಮುನವಳ್ಳಿಯ ಮನೆಯ ಅಂಗಳದಲ್ಲಿ ನಿಂತಲ್ಲೇ ನಡುಗಿ ಹೊಗೆ ಬಿಟ್ಟಿತು. ಅವನು ಎಂಜಿನ್ ಆರಿಸಿದ. ಪುಣೆಯಿಂದ ತರಿಸಿದ ನೈಟ್ರೋ ಇಂಧನ ಇನ್ನೊಂದು ಸಲ ಓಡಿಸುವಷ್ಟೇ ಉಳಿದಿತ್ತು.

ದೀಪಾವಳಿಗೆಂದು ಸಾಲಹಳ್ಳಿಯ ತವರಿಗೆ ಹೋದ ಹೆಂಡತಿ ರಾಜೇಶ್ವರಿ ಮರಳಿರಲಿಲ್ಲ. ಹೋಗುವಾಗ ಹೊಸ್ತಿಲಲ್ಲಿ ನಿಂತು, “ಆ ಗಾಡಿ ಕೂಡ ಕುಂದ್ರೋದರಾಗ ಅರ್ಧದಷ್ಟರೆ ನನ್ನ ಕೂಡ ಕುಂತಿದ್ರ, ನಾ ಯಾಕ ಹೋಗತಿದ್ನಿ?” ಅಂದಿದ್ದಳು. ಇವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಏಳುವಷ್ಟರಲ್ಲಿ ಅವಳು ಓಣಿ ದಾಟಿದ್ದಳು. ಆಮೇಲೆ ಮನೆಯಲ್ಲಿ ಸದ್ದು ಅಂತ ಇದ್ದರೆ ನಲ್ಲಿಯದು.

ಅವನು ಕ್ಲಚ್ ಬಿಚ್ಚಿದ. ಸ್ಪ್ರಿಂಗ್ ಸರಿಯಾಗಿತ್ತು. ಶೂ ಎಂಬ ಹಿಡಿತದ ತುಂಡುಗಳೂ ಸವೆದಿರಲಿಲ್ಲ. ಎಂಜಿನ್ ಜೋರಾದಾಗ ಅವು ಅರಳಿ ಸುತ್ತಲಿನ ಬಟ್ಟಲನ್ನು ಒಳಗಿನಿಂದ ಹಿಡಿಯಬೇಕು. ಆಗಲೇ ಗಾಲಿ ತಿರುಗುವುದು. ಹಿಡಿಯದೆ ಜಾರುತ್ತಿದ್ದವು. ಮುಟ್ಟಿದರೆ ಜಿಡ್ಡು. ಮೂಸಿದ. ಸುಟ್ಟ ಕೊಬ್ಬರಿ ಎಣ್ಣೆ.

ಟ್ರಕ್ಕನ್ನು ಮಗುಚಿದ. ಹೊಟ್ಟೆಯಡಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

ಕೈ ಒರೆಸಿಕೊಂಡು ಮೊಬೈಲ್ ತೆಗೆದು ರಾಜೇಶ್ವರಿಗೆ ಹಚ್ಚಿದ.

“ದಸರಾದಾಗ ಖಂಡೇಪೂಜಿ ದಿನ ನನ್ನ ಗಾಡಿಗೆ ಎಣ್ಣಿ ಬಿಟ್ಟಿದ್ದೇನ?”

“ಕುಡಗೋಲಿಗೆ ಬಿಟ್ಟೆ, ಹೊಲಿಗಿ ಮಷೀನಿಗೆ ಬಿಟ್ಟೆ. ಅದೊಂದ ಏನ ಪಾಪ ಮಾಡಿತ್ತು?”

“ಕ್ಲಚ್ಚಿಗೆ ಎಣ್ಣಿ ಆಗೂದಿಲ್ಲ ರಾಜಿ. ಜಾರತೈತಿ.”

“ಕೆಟ್ಟತೇನ್ರಿ?” ದನಿ ಇಳಿದಿತ್ತು.

“ಇಲ್ಲ, ಒರಿಸಿದ್ರ ಆತು. ಒಂದ ಸಲದಷ್ಟ ನೈಟ್ರೋ ಉಳದೈತಿ. ಅದು ಓಡೋದು ನೀ ನೋಡೇ ಇಲ್ಲಲ್ಲ.”

“ನೀವು ಕರದರಲ್ಲ ನೋಡೋದು!”

“ಈಗ ಕರ್ಯಾಕ ಹತ್ತೇನಿ.”

ಆ ಕಡೆ ಯಾರೋ ಕೊಡ ಇಳಿಸಿದ ಸದ್ದು. “ಅವ್ವ ಕೂಗಾಕ ಹತ್ಯಾಳ. ಇಡತೇನಿ.”

ಸಿದ್ಧಾರೂಢ ಶೂಗಳನ್ನು ಪೆಟ್ರೋಲಿನಲ್ಲಿ ಒರೆಸಿ, ಮರಳುಕಾಗದಕ್ಕೆ ಹಗುರಾಗಿ ಉಜ್ಜಿ, ಕ್ಲಚ್ ಜೋಡಿಸಿದ. ಹೊಟ್ಟೆಯಡಿಯ ವಿಭೂತಿಗೆ ಬಟ್ಟೆ ತಾಗಿಸಲಿಲ್ಲ. ಹಿಡಿಯುತ್ತದೋ ಇಲ್ಲವೋ, ಓಡಿಸಿ ನೋಡಿದರೆ ತಿಳಿಯುತ್ತಿತ್ತು, ಆದರೆ ಇಂಧನ ಒಂದೇ ಸಲಕ್ಕಿತ್ತು. ಅವನು ನೈಟ್ರೋ ಬಾಟಲಿಯ ಬಿರಡೆಯನ್ನು ಇನ್ನಷ್ಟು ಬಿಗಿದು, ಟ್ರಕ್ಕನ್ನು ಬಾಗಿಲ ಕಡೆ ಮುಖ ಮಾಡಿಟ್ಟು, ಪಕ್ಕದಲ್ಲಿ ಕುಳಿತ.